ಕೋಡಿ ಬಿದ್ದ ಕರೆಂಟು ಎಲ್ಲಿಗೆ ಹೋಗಬೇಕು?

ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ನೀರಿನ ಚಿಂತೆ ನಾಲ್ಕು ಥರ. ಚನ್ನಗಿರಿಯಲ್ಲಿ ಅಡಿಕೆ ಬುಡದಲ್ಲಿ ತೇವ ಎಷ್ಟು ಉಳಿದಿದೆ ಅನ್ನುವುದು. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಗೆ ಹಾಕಿದ ಪಂಪಿಗೆ ಹೊಳೆ ನೀರು ಎಟುಕುತ್ತದೆಯೇ ಅನ್ನುವುದು. ನ್ಯಾಮತಿಯಲ್ಲಿ ಮೆಕ್ಕೆಜೋಳಕ್ಕೆ ಇವತ್ತು ನೀರು ಕಟ್ಟಬೇಕೋ, ಮಳೆಗೆ ಕಾಯಬೇಕೋ ಅನ್ನುವುದು. ಜಗಳೂರಿನಲ್ಲಂತೂ ಬೋರಿನ ನೀರು ಎಷ್ಟು ಅಡಿ ಕೆಳಗಿಳಿಯಿತು ಅನ್ನುವುದೇ. ಇದನ್ನೆಲ್ಲ ಅಳೆದು ಮೊಬೈಲಿಗೆ ಕಳಿಸುವ ಯಂತ್ರವನ್ನು ಅಂಗಡಿಯಿಂದ ತರದೆ ಮನೆಯಲ್ಲೇ ಕಟ್ಟಿಕೊಳ್ಳುವ ಹುಚ್ಚು ಹಿಡಿದವರಿಗೆ ಈ ವಾರದ ಬರಹ.

ಅಂಥವರಿಗೆ ನನ್ನ ಶಿಫಾರಸು ಬೀಗಲ್‌ಬೋನ್ ಬ್ಲ್ಯಾಕ್. 2013ರಲ್ಲಿ ಬಂದ ಹಳೆಯ ಬೋರ್ಡು, ಅಂಗೈಯಗಲ, ಲಿನಕ್ಸ್ ಓಡಿಸುತ್ತದೆ. ಅದರ ಚಿಪ್ಪು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನದು. 1985ರಲ್ಲೇ, ಐಟಿ ಅನ್ನುವುದು ಇಲ್ಲಿ ಮನೆಮಾತಾಗುವ ಮೊದಲೇ, ಬೆಂಗಳೂರಿಗೆ ಬಂದು ಕೂತ ಕಂಪನಿ. ಎಲ್ಲರೂ ಕೊಳ್ಳುವ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿ ಅನಲಾಗ್ ಇನ್‌ಪುಟ್ ಒಂದೂ ಇಲ್ಲ. ಇದರಲ್ಲಿ ಏಳಿವೆ, ಪಿ9 ಸಾಲಿನ ತುದಿಯಲ್ಲಿ. 12 ಬಿಟ್, ಅಂದರೆ ಸೊನ್ನೆಯಿಂದ 4095ರವರೆಗೆ ಲೆಕ್ಕ, ಒಂದೊಂದು ಮೆಟ್ಟಿಲು ಅರ್ಧ ಮಿಲಿವೋಲ್ಟಿಗಿಂತ ಕಡಿಮೆ. ಇಷ್ಟು ಸೂಕ್ಷ್ಮವಾದ ಕಿವಿ ತೋಟದ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ.

ಆದರೆ ಈ ಏಳು ಪಿನ್ನುಗಳು ತಾಳುವುದು 1.8 ವೋಲ್ಟು ಮಾತ್ರ. ಪಕ್ಕದ ಡಿಜಿಟಲ್ ಪಿನ್ನುಗಳು 3.3 ವೋಲ್ಟಿನವು, ಮಾರುಕಟ್ಟೆಯ ಸೆನ್ಸರುಗಳಲ್ಲಿ ಬಹುಪಾಲು ಆರ್ಡುಯಿನೊ ಕಾಲದ 5 ವೋಲ್ಟಿನವು, ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಓಡಾಡುವುದು 415 ವೋಲ್ಟು. 5 ವೋಲ್ಟಿನ ತಂತಿಯನ್ನು ನೇರ ತಂದು ಇಲ್ಲಿ ಚುಚ್ಚಿದರೆ ಹೊಗೆಯೂ ಬರುವುದಿಲ್ಲ, ಸದ್ದೂ ಆಗುವುದಿಲ್ಲ. ಬೋರ್ಡು ಎಂದಿನಂತೆ ಓಡುತ್ತಿರುತ್ತದೆ. ಒಂದು ಪಿನ್ನು ಮಾತ್ರ ಅಂದಿನಿಂದ 4095 ಅನ್ನುತ್ತಲೇ ಇರುತ್ತದೆ. ಕೆಟ್ಟರೆ ಇಡೀ ಚಿಪ್ಪೇ ಹೋಯಿತು. ಅನಲಾಗ್ ಭಾಗವನ್ನಷ್ಟೇ ಬಿಚ್ಚಿ ಬದಲಿಸಲು ಬರುವುದಿಲ್ಲ, ಪ್ರೊಸೆಸರೂ ಅದೂ ಒಂದೇ ತುಣುಕು.

ಮೊದಲ ಉಪಾಯ ಎಲ್ಲರಿಗೂ ಗೊತ್ತಿರುವ ಡಿವೈಡರ್, ಎರಡು ರೆಸಿಸ್ಟರು. 5 ವೋಲ್ಟಿಗೆ ಮೇಲೆ 10 ಕಿಲೋಓಮ್, ಕೆಳಗೆ 5.6 ಕಿಲೋಓಮ್ ಹಾಕಿದರೆ 1.79 ಬರುತ್ತದೆ ಎಂದು ಲೆಕ್ಕ ಹಾಕಿ ಖುಷಿಪಡುವವರಿದ್ದಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಟ್ಟುಗಟ್ಟಲೆ ಸಿಗುವ ರೆಸಿಸ್ಟರು ಶೇ 5ರಷ್ಟು ಆಚೀಚೆ ಇರಬಹುದು ಎಂಬುದನ್ನು ಆ ಲೆಕ್ಕ ಮರೆತಿರುತ್ತದೆ. ಕೆಳಗೆ 4.7 ಹಾಕಿ. 1.6 ವೋಲ್ಟು ಬರುತ್ತದೆ, ಎರಡೂ ಕೆಟ್ಟ ಕಡೆಗೇ ವಾಲಿದರೂ 1.71 ದಾಟುವುದಿಲ್ಲ. ಅಳತೆಯ ಮೇಲ್ತುದಿಯಲ್ಲಿ ಸ್ವಲ್ಪ ಬಿಟ್ಟುಕೊಟ್ಟದ್ದಕ್ಕೆ ಅಳಬೇಕಾಗಿಲ್ಲ.

ಡಿವೈಡರು ಸೆನ್ಸರು ಸರಿಯಾಗಿರುವಷ್ಟು ದಿನ ಕಾಯುತ್ತದೆ. ತೋಟದಲ್ಲಿ ತಂತಿಯನ್ನು ಇಲಿ ಕಡಿದು 12 ವೋಲ್ಟಿನ ಎಳೆಗೆ ಸಿಗ್ನಲ್ ಎಳೆ ತಾಗಿದಾಗ ಏನು? ಆಗ ಬೇಕಾಗುವುದು ಹೆಚ್ಚಾದದ್ದನ್ನು ಹೊರಹಾಕುವ ದಾರಿ. ಸೂಳೆಕೆರೆಯನ್ನು ಕಂಡ ಚನ್ನಗಿರಿಯವರಿಗೆ ಇದನ್ನು ವಿವರಿಸುವ ಕಷ್ಟವಿಲ್ಲ: ತೂಬು ಬೇರೆ, ಕೋಡಿ ಬೇರೆ. ಎಷ್ಟು ಹರಿಯಬೇಕು ಎಂದು ಬಿಗಿಹಿಡಿಯುವ ತೂಬಿನ ಕೆಲಸ ಪಿನ್ನಿನ ಮುಂದಿನ ರೆಸಿಸ್ಟರಿನದು. ಮಟ್ಟ ಮೀರಿದ್ದನ್ನು ಹೊರಳಿಸುವ ಕೋಡಿಯ ಕೆಲಸ ಡಯೋಡಿನದು. ಬಿಎಟಿ54ಎಸ್ ಎಂಬ ಮೂರು ಕಾಲಿನ ಪುಟ್ಟ ತುಣುಕಿನಲ್ಲಿ ಎರಡು ಶಾಟ್ಕಿ ಡಯೋಡುಗಳಿವೆ. ಒಂದು ಮೇಲಿನ ಹಳಿಗೆ, ಇನ್ನೊಂದು ನೆಲಕ್ಕೆ, ನಡುವಿನ ಕಾಲು ನಮ್ಮ ಪಿನ್ನಿಗೆ. ಮಾಮೂಲಿ ಸಿಲಿಕಾನ್ ಡಯೋಡು ತೆರೆಯಲು 0.6–0.7 ವೋಲ್ಟು ಕೇಳುತ್ತದೆ, ಇದು ಒಂದು ಮಿಲಿಆಂಪಿಗೆ ಹೆಚ್ಚೆಂದರೆ 0.32.

ಇಲ್ಲಿಗೆ ಮುಗಿಯಿತು ಎಂದು ಬಹಳ ಸರ್ಕಿಟ್ ಚಿತ್ರಗಳು ಹೇಳುತ್ತವೆ. ಮೇಲಿನ ಡಯೋಡನ್ನು ಬೋರ್ಡಿನದೇ 1.8 ವೋಲ್ಟಿಗೆ, ಅಂದರೆ ಪಿ9ರ 32ನೇ ಪಿನ್ನಿಗೆ ಕಟ್ಟಿ ಕೈತೊಳೆದುಕೊಳ್ಳುತ್ತವೆ. ನನ್ನ ತಕರಾರು ಇರುವುದೇ ಇಲ್ಲಿ. ಸೂಳೆಕೆರೆ ತುಂಬಿ ಹೆಚ್ಚಾದ ನೀರಿಗೆ ಹರಿದ್ರಾ ಹಳ್ಳವಿದೆ, ಹಳ್ಳದ ಆಚೆ ತುಂಗಭದ್ರೆಯಿದೆ. ಈ ಕೋಡಿಯ ಕರೆಂಟಿಗೆ ಯಾವ ಹಳ್ಳವಿದೆ? 1.8 ವೋಲ್ಟು ಕೊಡುವ ರೆಗ್ಯುಲೇಟರು ಕರೆಂಟು ಕೊಡಬಲ್ಲದು, ವಾಪಸು ತೆಗೆದುಕೊಳ್ಳಲಾರದು. ಆ ಹಳಿಯ ಮೇಲೆ ಖರ್ಚು ಕಡಿಮೆ ಇದ್ದರೆ, ಬಂದು ಬಿದ್ದ ಕರೆಂಟು ಹಳಿಯನ್ನೇ ಮೇಲೆತ್ತುತ್ತದೆ. ಒಂದು ಪಿನ್ನನ್ನು ಕಾಯಲು ಹೋಗಿ ಏಳನ್ನೂ ಒಟ್ಟಿಗೆ ಮುಳುಗಿಸಿದಂತೆ.

ಅದಕ್ಕೇ ಹಳ್ಳವನ್ನು ನಾವೇ ತೋಡಬೇಕು. ಟಿಎಲ್‌ವಿ431 ಎಂಬ ಷಂಟ್ ರೆಗ್ಯುಲೇಟರು ಈ ಕೆಲಸಕ್ಕೆ ಹೇಳಿಮಾಡಿಸಿದ್ದು, ಬೆಲೆಯೂ ಜೇಬಿಗೆ ಭಾರವಲ್ಲ. ಅದರ ಮೂಲ ಅಳತೆ 1.24 ವೋಲ್ಟು. ಮೇಲೆ 2.2 ಕಿಲೋಓಮ್, ಕೆಳಗೆ 10 ಕಿಲೋಓಮ್ ಇಟ್ಟರೆ ಅದು 1.51 ವೋಲ್ಟಿನಲ್ಲಿ ನಿಲ್ಲುತ್ತದೆ. 3.3 ವೋಲ್ಟಿನಿಂದ 1 ಕಿಲೋಓಮ್ ಮೂಲಕ ಅದಕ್ಕೆ ಊಟ ಹಾಕಿ, ಬಿಎಟಿ54ಎಸ್‌ನ ಮೇಲಿನ ಕಾಲನ್ನು ಅಲ್ಲಿಗೆ ಕಟ್ಟಿ. ಈಗ ಕೋಡಿ ಬೀಳುವ ಮಟ್ಟ 1.5ರ ಮೇಲೆ 0.3, ಅಂದರೆ ಸರಿಯಾಗಿ ನಮ್ಮ ಗಡಿ. ಬಂದ ಕರೆಂಟು ಟಿಎಲ್‌ವಿ431ರ ಮೂಲಕ ನೆಲ ಸೇರುತ್ತದೆ. ಮುಂದೆ 10 ಕಿಲೋಓಮ್ ಇದ್ದರೆ 12 ವೋಲ್ಟು ತಾಗಿದಾಗಲೂ ಹರಿಯುವುದು ಒಂದು ಮಿಲಿಆಂಪು, 24 ತಾಗಿದರೆ ಎರಡು ಚಿಲ್ಲರೆ. ಏಳೂ ಪಿನ್ನಿಗೆ ಒಂದೇ ಹಳ್ಳ ಸಾಕು. ಅಳತೆಯನ್ನು 1.5 ವೋಲ್ಟಿನೊಳಗೆ ಇಟ್ಟುಕೊಳ್ಳುವಂತೆ ಡಿವೈಡರನ್ನು ತಿದ್ದಿಕೊಂಡರಾಯಿತು. 4095ರಲ್ಲಿ 3400 ಮೆಟ್ಟಿಲು ಉಳಿಯುತ್ತದೆ.

ಝೀನರ್ ಹಾಕಿದರೆ ಆಗದೇ ಎಂದು ಕೇಳುವವರು ಯಾವಾಗಲೂ ಇರುತ್ತಾರೆ. 12 ವೋಲ್ಟಿಗೆ ಆದೀತು. 2 ವೋಲ್ಟಿನ ಆಸುಪಾಸಿನ ಝೀನರಿಗೆ ನಿಲ್ಲುವ ಜಾಗವೇ ಗೊತ್ತಿಲ್ಲ, ಗಡಿಗೆ ಬಹಳ ಮೊದಲೇ ಸೋರತೊಡಗಿ ಅಳತೆಯನ್ನು ಸೊಟ್ಟ ಮಾಡುತ್ತದೆ. ಸೋರಿಕೆ ಶಾಟ್ಕಿಗೂ ಇದೆ, ಬಿಸಿಲೇರಿದಂತೆ ಹೆಚ್ಚುತ್ತದೆ. ಜಗಳೂರಿನ ಏಪ್ರಿಲಿನಲ್ಲಿ ತಗಡಿನ ಪೆಟ್ಟಿಗೆಯೊಳಗೆ ಎರಡು ಮೈಕ್ರೋಆಂಪು ಸೋರಿತು ಅನ್ನಿ; 10 ಕಿಲೋಓಮಿನ ಮೇಲೆ ಅದು 20 ಮಿಲಿವೋಲ್ಟು, ನಲವತ್ತೈದು ಮೆಟ್ಟಿಲಿನ ಸುಳ್ಳು. ಪೆಟ್ಟಿಗೆಯನ್ನು ನೆರಳಿಗೆ ಕಟ್ಟುವುದೂ ಸರ್ಕಿಟ್ಟಿನ ಭಾಗವೇ.

ಇನ್ನೂ ನಾಜೂಕಾದ ದಾರಿ ಬೇಕಾದವರು ಎಂಸಿಪಿ6002 ಆಪ್‌ಆಂಪನ್ನು ಬೋರ್ಡಿನ 1.8 ವೋಲ್ಟಿನಲ್ಲೇ ಓಡಿಸಿ ನಡುವೆ ಕೂರಿಸಬಹುದು. ಇಷ್ಟು ಕಡಿಮೆಯಲ್ಲೂ ಕೆಲಸ ಮಾಡುವ ಜಾತಿ ಅದು. ತನ್ನ ಊಟಕ್ಕಿಂತ ಹೆಚ್ಚಿನ ವೋಲ್ಟನ್ನು ಅದು ಹೊರಗೆ ಕೊಡಲಾರದು, ಹಾಗಾಗಿ ಪಿನ್ನಿಗೆ ಅಪಾಯವಿಲ್ಲ. ಸತ್ತರೆ ಸಾಯುವುದು ಸಾಕೆಟ್ಟಿನಲ್ಲಿ ಕೂತ ಎಂಟು ಕಾಲಿನ ಚಿಪ್ಪು, ಕಿತ್ತು ಇನ್ನೊಂದು ಹಾಕಬಹುದು. ಅದರ ಮೂತಿಗೂ 10 ಕಿಲೋಓಮ್ ತಪ್ಪಿಸಬೇಡಿ.

ಕರೆಂಟು ಹೋದಾಗಿನ ಕಥೆ ಬೇರೆ, ನಮ್ಮ ಕಡೆ ಅದೇ ಮುಖ್ಯ. ಬೋರ್ಡಿಗೆ ವಿದ್ಯುತ್ತಿಲ್ಲದಾಗ ಯಾವ ಪಿನ್ನಿಗೂ ವೋಲ್ಟು ಕೊಡಬಾರದು ಎಂದು ಬೀಗಲ್‌ಬೋನಿನ ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ಸೆನ್ಸರು ಬೇರೆ ಬ್ಯಾಟರಿಯಲ್ಲಿದ್ದು ಬೋರ್ಡು ಮನೆಯ ಲೈನಿನಲ್ಲಿದ್ದರೆ, ಲೈಟು ಹೋದಾಗಲೆಲ್ಲ ಆ ನಿಯಮ ಮುರಿಯುತ್ತದೆ. ಮೇಲೆ ಹೇಳಿದ ಯಾವ ಡಯೋಡೂ ಇದನ್ನು ಪೂರ್ತಿ ತಡೆಯುವುದಿಲ್ಲ. ಸೆನ್ಸರಿಗೆ ಬೋರ್ಡಿನಿಂದಲೇ ಕರೆಂಟು ಕೊಡಿ, ಪಿ9ರ 3 ಅಥವಾ 4ನೇ ಪಿನ್ನಿನ 3.3 ವೋಲ್ಟು, ಇಲ್ಲವೇ 7 ಅಥವಾ 8ರ 5 ವೋಲ್ಟು. ಎರಡೂ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಮಲಗುತ್ತವೆ.

ಭರಣಿ ಮಳೆಯ ಸಿಡಿಲಿನ ಬಗ್ಗೆ ಎರಡೇ ಮಾತು. ನೇರ ಹೊಡೆದರೆ ಈ ಅಂಕಣ ನಿಮ್ಮ ನೆರವಿಗೆ ಬರುವುದಿಲ್ಲ. ಅರ್ಧ ಮೈಲಿ ಆಚೆ ಹೊಡೆದು ಉದ್ದ ತಂತಿಯಲ್ಲಿ ಹುಟ್ಟುವ ಏಟಿಗೆ, ತಂತಿ ಪೆಟ್ಟಿಗೆಯೊಳಗೆ ಬರುವ ಬಾಯಲ್ಲೇ ಗ್ಯಾಸ್ ಟ್ಯೂಬು, ಅದರ ಹಿಂದೆ ಟಿವಿಎಸ್ ಡಯೋಡು, ಒಳ್ಳೆಯ ಅರ್ಥಿಂಗು. ಬಿಎಟಿ54ಎಸ್ ಇವೆಲ್ಲದರ ಕೊನೆಯಲ್ಲಿ ನಿಲ್ಲುವ ಕಾವಲುಗಾರ, ಅದನ್ನೇ ಮುಂದೆ ನಿಲ್ಲಿಸಬೇಡಿ.

ಬೋರು ಮನೆಯಿಂದ ದೂರವಿದ್ದರೆ ವೋಲ್ಟನ್ನು ಸಾಗಿಸುವ ಯೋಚನೆಯನ್ನೇ ಬಿಡಿ. ಕಾರ್ಖಾನೆಗಳ ರೂಢಿಯಂತೆ 4ರಿಂದ 20 ಮಿಲಿಆಂಪು ಕಳಿಸುವ ನೀರಿನ ಮಟ್ಟದ ಸೆನ್ಸರು ತನ್ನಿ. ಪುಸ್ತಕಗಳು ಅದಕ್ಕೆ 250 ಓಮ್ ಹಾಕಿ ಎನ್ನುತ್ತವೆ, ಅದು 5 ವೋಲ್ಟಿನವರ ಲೆಕ್ಕ. ನಮಗೆ 82 ಓಮ್. 4 ಮಿಲಿಆಂಪಿಗೆ 0.33 ವೋಲ್ಟು, 20ಕ್ಕೆ 1.64. ಇಲ್ಲಿ ಮಾತ್ರ ಟಿಎಲ್‌ವಿ431ರ ಕೆಳಗಿನ 10 ಕಿಲೋಓಮನ್ನು 8.2ಕ್ಕೆ ಇಳಿಸಿ, ಹಳ್ಳದ ಮಟ್ಟ 1.57ಕ್ಕೆ ಏರುತ್ತದೆ, ಕೋಡಿ ಕೂದಲೆಳೆ ಮೇಲೆ ಹೋಗುತ್ತದೆ, ಅಳತೆ ಸೋರದೆ ಉಳಿಯುತ್ತದೆ. ತಂತಿ ತುಂಡಾದರೆ ಲೆಕ್ಕ 746ರ ಕೆಳಗೆ ಬಿದ್ದು ಸೊನ್ನೆಯಾಗುತ್ತದೆ, ಹಾಗಾಗಿ ಬತ್ತಿದ ಬೋರಿಗೂ ತುಂಡಾದ ತಂತಿಗೂ ವ್ಯತ್ಯಾಸ ತಿಳಿಯುತ್ತದೆ. ಮಾಮೂಲಿ ದಿನಗಳಲ್ಲಿ ಕಾಲು ವಾಟಿನ ರೆಸಿಸ್ಟರು ಧಾರಾಳವಾಯಿತು. ಆದರೆ 24 ವೋಲ್ಟು ನೇರ ತಾಗಿದರೆ ಅದರ ಮೇಲೆ ಏಳು ವಾಟು, ಸುಟ್ಟು ಬಾಯಿಬಿಟ್ಟ ಮರುಕ್ಷಣ ಪೂರಾ 24 ವೋಲ್ಟು ಪಿನ್ನಿನ ಕಡೆ ಹೊರಡುತ್ತದೆ. ಸಾಲಿನಲ್ಲಿ 50 ಮಿಲಿಆಂಪಿನ ಫ್ಯೂಸು ಇರಲಿ, 82 ಓಮಿಗೂ ಪಿನ್ನಿಗೂ ನಡುವೆ ಆ 10 ಕಿಲೋಓಮ್ ಇರಲೇಬೇಕು.