ಅಬ್ಬಲೂರು ಶಾಸನ: ಕಲ್ಲಿನ ಮೇಲಿನ ಮಾತು ಯಾರದು?

ಪಾತ್ರಗಳ ಬಾಯಿಂದಲೇ ಮಾತಾಡಿಸೋದು ಕಥೆಗಾರರ ತಂತ್ರ, ಶಾಸನಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳುವವರಿದ್ದಾರೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ದಾನಶಾಸನಗಳನ್ನು ಓದಿದರೆ ಆ ಅನುಮಾನ ಬರೋದು ಸಹಜ. ರಾಜನ ಬಿರುದು, ತೇದಿ, ಬಿಟ್ಟ ಭೂಮಿ, ಅದರ ಎಲ್ಲೆ, ಕೊನೆಗೆ ಶಾಪಾಶಯ: ಬಹುಪಾಲು ಇದೇ ಚೌಕಟ್ಟು. ಆದರೆ ಈ ಚೌಕಟ್ಟಿನ ಕೊನೆಯಲ್ಲೂ ಒಂದು ದನಿ ಕೇಳುತ್ತದೆ. ಮುಂದೆ ಬರುವ ರಾಜರೇ, ಈ ಧರ್ಮವನ್ನು ಕಾಪಾಡಿ ಅಂತ ರಾಮಚಂದ್ರನೇ ಮತ್ತೆ ಮತ್ತೆ ಬೇಡಿಕೊಳ್ಳುವ ಸಂಸ್ಕೃತ ಶ್ಲೋಕ ನಿಮಗೆಲ್ಲ ಗೊತ್ತಿರೋದೇ. ದತ್ತಿ ಕೊಟ್ಟವನು ತಾನು ಕೇಳಿದರೆ ಸಾಲದು ಅಂತ ರಾಮನ ಬಾಯಲ್ಲಿ ಕೇಳಿಸಿದ್ದಾನೆ. ಶಾಸನದಲ್ಲಿ ನೇರ ಮಾತು ಅಲಂಕಾರಕ್ಕಲ್ಲ, ಕೆಲಸಕ್ಕೆ ಬರುತ್ತದೆ.

ಈ ಕೆಲಸ ಎಷ್ಟು ದೂರ ಹೋಗಬಲ್ಲದು ಅನ್ನೋದಕ್ಕೆ ಹಿರೇಕೆರೂರು ಸೀಮೆಯ ಅಬ್ಬಲೂರು, ಅಂದರೆ ಇಂದಿನ ಅಬಲೂರಿನ, ಸೋಮನಾಥ ದೇವಾಲಯದ ಏಕಾಂತದ ರಾಮಯ್ಯನ ಶಾಸನವೇ ಸಾಕ್ಷಿ. ಜೆ. ಎಫ್. ಫ್ಲೀಟ್ ಇದನ್ನು ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ಅದರ ಕಾಲವನ್ನು ಸುಮಾರು ಕ್ರಿ.ಶ. 1200 ಎಂದು ಗುರುತಿಸಿದರು. ಗದ್ಯ ಪದ್ಯ ಬೆರೆತ ಈ ಬರಹವನ್ನು ಕಥೆಯಾಗಿಯೇ ಓದಿ ನೋಡೋಣ.

ಕಥೆ ಶುರುವಾಗೋದು ಕೈಲಾಸದಲ್ಲಿ. ನಾರದ ಬಂದು, ಶಿವಭಕ್ತರು ಹೋದ ಮೇಲೆ ಭೂಲೋಕದಲ್ಲಿ ಬೇರೆ ಸಮಯಗಳು ಬಲಿತಿವೆ ಅಂತ ವರದಿ ಒಪ್ಪಿಸುತ್ತಾನೆ. ಶಿವ ವೀರಭದ್ರನಿಗೆ ಆಜ್ಞೆ ಕೊಡುತ್ತಾನೆ. ಅಳಂದೆಯಲ್ಲಿ ರಾಮಯ್ಯ ಹುಟ್ಟುತ್ತಾನೆ. ಹುಲಿಗೆರೆಯ ಸೋಮನಾಥ ಅವನನ್ನು ಅಬ್ಬಲೂರಿಗೆ ಕಳಿಸುತ್ತಾನೆ. ಅಲ್ಲಿ ಸಂಕಗಾವುಂಡ ಮತ್ತಿತರ ಜೈನರೊಡನೆ ವಾದ ಬೆಳೆಯುತ್ತದೆ. ತಲೆ ಕಡಿದುಕೊಂಡು ಮರಳಿ ಪಡೆದರೆ ನಿನ್ನ ದೇವರು ದೊಡ್ಡವನು ಅನ್ನೋ ಸವಾಲು ಬರುತ್ತದೆ. ಹಾಗಾದರೆ ನಿಮ್ಮ ಪಣವೇನು ಅಂತ ರಾಮಯ್ಯ ಕೇಳುತ್ತಾನೆ. ಜಿನಬಿಂಬ ತೆಗೆದು ಶಿವನನ್ನು ನಿಲ್ಲಿಸುತ್ತೇವೆ ಅಂತ ಅವರು ಓಲೆ ಬರೆದುಕೊಡುತ್ತಾರೆ. ಕಡಿದ ತಲೆ ಏಳನೆಯ ದಿನ ಮತ್ತೆ ಕೂಡುತ್ತದೆ. ಬಸದಿ ಬೀಳುತ್ತದೆ. ದೂರು ಬಿಜ್ಜಳನ ಮುಂದೆ ಹೋಗುತ್ತದೆ. ರಾಮಯ್ಯ ಅದೇ ಓಲೆ ತೋರಿಸಿ, ಇನ್ನೊಮ್ಮೆ ಪಣ ಒಡ್ಡಲಿ ಅನ್ನುತ್ತಾನೆ. ಬಿಜ್ಜಳ ಜಯಪತ್ರ ಕೊಡುತ್ತಾನೆ.

ಇಲ್ಲಿ ಮಾತುಗಳನ್ನು ಎಲ್ಲಿ ಇಟ್ಟಿದ್ದಾರೆ ಅನ್ನೋದನ್ನ ಗಮನಿಸಿ. ಪಣದ ಮಾತು ಎದುರು ಪಕ್ಷದ್ದು, ಓಲೆಯೂ ಅವರದೇ. ಹೀಗೆ ಅವರ ಬಾಯಲ್ಲೇ ಕರಾರು ಹೇಳಿಸಿಬಿಟ್ಟರೆ ಆಮೇಲಿನ ಧ್ವಂಸ ಅಪರಾಧವಾಗೋದಿಲ್ಲ, ಕರಾರಿನ ಪಾಲನೆ ಆಗುತ್ತದೆ. ಶಾಸನದ ಕೊನೆಗೆ ನಾಲ್ಕನೆಯ ಸೋಮೇಶ್ವರನ ದತ್ತಿ, ಹಾನಗಲ್ಲ ಕದಂಬ ಕಾಮದೇವನ ದತ್ತಿ ಬರುತ್ತವೆ. ಆ ದತ್ತಿಗಳಿಗೆ ಬುನಾದಿ ಹಾಕಿರೋದು ಈ ಸಂಭಾಷಣೆ.

ಅದೇ ಗುಡಿಯಲ್ಲಿ ಈ ಕಥೆಯ ಶಿಲ್ಪಗಳೂ ಅವುಗಳ ಜೊತೆ ಚಿಕ್ಕ ಬರಹಗಳೂ ಇವೆ. ಅಲ್ಲಿ ವಾದ ಪ್ರತಿವಾದ ಇಲ್ಲ, ನಡೆದದ್ದೇನು ಅಂತ ಹೇಳಿ ಮುಗಿಸುತ್ತಾರೆ. ಯಾಕೆ ನಡೆಯಿತು, ಅದು ನ್ಯಾಯವೇ ಅಂತ ಒಪ್ಪಿಸಬೇಕಾದ ಕಡೆ ಮಾತ್ರ ಮಾತು ಬೇಕಾಗಿದೆ.

ಇಷ್ಟು ಬಿಗಿಯಾಗಿ ಕಟ್ಟಿದ ಕಥೆಯಲ್ಲೂ ಸೋತವರ ಒಂದು ಮಾತು ಉಳಿದುಕೊಂಡಿದೆ. ಎರಡನೆಯ ಪಣಕ್ಕೆ ಕರೆದಾಗ ಜೈನರು ಒಪ್ಪೋದಿಲ್ಲ. ಹಾಳಾದ ಬಸದಿಗಾಗಿ ಮೊರೆಯಿಡಲು ಬಂದಿದ್ದೇವೆಯೇ ಹೊರತು ಮತ್ತೆ ಪಣ ಒಡ್ಡಿ ಇನ್ನಷ್ಟು ಕಳೆದುಕೊಳ್ಳೋಕಲ್ಲ ಅನ್ನೋ ಅರ್ಥದ ಉತ್ತರ ಕೊಡುತ್ತಾರೆ. ಬರೆದವನು ಇದನ್ನು ಅವರ ಹೆದರಿಕೆಗೆ ಗುರುತಾಗಿ ಇಟ್ಟಿರಬೇಕು. ನನಗಂತೂ ಇಡೀ ಶಾಸನದಲ್ಲಿ ಅತ್ಯಂತ ಸಹಜವಾಗಿ ಕೇಳಿಸೋ ಮಾತು ಇದೇ. ದೂರು ಕೊಡಲು ಬಂದವನು ಆಡೋ ಮಾತು ಇದು. ಒಳ್ಳೆ ಸಂಭಾಷಣೆಗೆ ಈ ಗುಣ ಇರುತ್ತದೆ: ಬರೆದವನ ಉದ್ದೇಶ ದಾಟಿ ಪಾತ್ರ ತನ್ನ ಮಾತು ತಾನೇ ಆಡಿಬಿಡುತ್ತದೆ.

ಹಾಗಂತ ಇದು ಆ ದಿನ ಆಡಿದ ಮಾತೇ ಅಂತ ಹಿಡಿಯೋ ಹಾಗಿಲ್ಲ. ಬಿಜ್ಜಳನ ಆಳ್ವಿಕೆ ಮುಗಿದದ್ದು 1167ರ ಸುಮಾರಿಗೆ. ಫ್ಲೀಟ್ ಹೇಳುವ ಕಾಲ ಒಪ್ಪಿದರೆ ನಡುವೆ ಮೂವತ್ತಕ್ಕೂ ಹೆಚ್ಚು ವರ್ಷ. ಹಳಗನ್ನಡ ಲಿಪಿಯಲ್ಲಿ ಉದ್ಧರಣ ಚಿಹ್ನೆಯೂ ಇಲ್ಲ. ಮಾತು ಮುಗಿಯೋದು ‘ಎಂದು’, ‘ಎನೆ’ ಬಂದಾಗ ಗೊತ್ತಾಗುತ್ತದೆ, ಶುರುವಾಗೋದು ಎಲ್ಲಿ ಅಂತ ಎಷ್ಟೋ ಸಲ ಓದುವವನೇ ತೀರ್ಮಾನಿಸಬೇಕು. ಎಂಜಿನಿಯರ್ ಆದ ನನಗೆ ಇದು ಸೈಟ್ ಮೀಟಿಂಗಿನ ಮಿನಿಟ್ಸ್ ಥರ ಕಾಣುತ್ತದೆ. ಅದರಲ್ಲಿ ಎಲ್ಲರ ಮಾತೂ ಇರುತ್ತದೆ, ಆದರೆ ಬರೆದವನು ಒಬ್ಬನೇ.

ಹೋಲಿಕೆಗೆ ಶಿಗ್ಗಾಂವಿ ತಾಲೂಕಿಗೆ ಬನ್ನಿ. ಬಾಡದ ಕನಕದಾಸರ ರಾಮಧಾನ್ಯ ಚರಿತೆಯಲ್ಲೂ ವಾದ, ಪರೀಕ್ಷೆ, ತೀರ್ಪು ಅನ್ನೋ ಇದೇ ಎಳೆ. ರಾಗಿ, ಭತ್ತ ಜಗಳವಾಡುತ್ತವೆ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ, ರಾಗಿ ಗೆಲ್ಲುತ್ತದೆ. ಕವಿ ಯಾರ ಪರ ಅನ್ನೋದು ಅಲ್ಲೂ ಮುಚ್ಚುಮರೆಯಿಲ್ಲ. ಆದರೆ ಧಾನ್ಯ ಮಾತಾಡಿದ್ದನ್ನು ಯಾರೂ ದಾಖಲೆ ಅಂದುಕೊಳ್ಳೋದಿಲ್ಲ. ಶಾಸನ ಕಲ್ಲಿನ ಮೇಲಿರೋದರಿಂದ ನಾವು ಆ ಎಚ್ಚರ ಬಿಟ್ಟುಬಿಡ್ತೇವೆ.

ಅಬ್ಬಲೂರಿನ ಎರಡು ಸಾಲು ಕಿತ್ತು, ‘ನೋಡಿ, ಶಾಸನದಲ್ಲೇ ಇದೆ’ ಅಂತ ಇವತ್ತಿನ ಜಗಳಕ್ಕೆ ಸಾಕ್ಷಿ ಮಾಡೋದು ಈ ಎಚ್ಚರ ತಪ್ಪಿದಾಗಲೇ. ಹನ್ನೆರಡನೆಯ ಶತಮಾನದಲ್ಲಿ ಶೈವರಿಗೂ ಜೈನರಿಗೂ ಇಲ್ಲಿ ಘರ್ಷಣೆ ಇತ್ತು, ಬಸದಿ ಕೆಡವಿದ್ದನ್ನು ಹೆಮ್ಮೆಯಿಂದ ಕೆತ್ತಿಸುವಷ್ಟು ಅದು ತೀವ್ರವಾಗಿತ್ತು. ಶಾಸನ ಇಷ್ಟನ್ನು ಖಂಡಿತ ಹೇಳುತ್ತದೆ. ಸಂಕಗಾವುಂಡ ಓಲೆಯಲ್ಲಿ ಬರೆದದ್ದು ಇದೇ ಪದಗಳು ಅಂತ ಅದು ರುಜುವಾತು ಮಾಡೋದಿಲ್ಲ.

ಮುಂದೆ ಯಾವುದೇ ಶಾಸನದಲ್ಲಿ ಯಾರಾದರೂ ಮಾತಾಡೋದು ಕಂಡರೆ ಮೂರು ಪ್ರಶ್ನೆ ಕೇಳಿ. ಇದನ್ನು ಕೆತ್ತಿಸಿದವರು ಯಾರು? ಘಟನೆಯಾಗಿ ಎಷ್ಟು ವರ್ಷಕ್ಕೆ? ಈ ಮಾತಿನಿಂದ ಯಾರ ಹಕ್ಕು ಗಟ್ಟಿಯಾಯಿತು? ಉತ್ತರ ಸಿಕ್ಕ ಮೇಲೆ ಧಾರಾಳವಾಗಿ ಹಂಚಿಕೊಳ್ಳಿ, ಆದರೆ ಇಡೀ ಪಾಠವನ್ನು ಹಂಚಿಕೊಳ್ಳಿ. ದೂರು ಕೊಡಲು ಬಂದವರ ಆ ಒಂದು ಮಾತೂ ಅದರಲ್ಲಿ ಇರಲಿ.