ಕೋಡ್ ನೋಡ್ತೀರೋ, ಧೈರ್ಯ ನೋಡ್ತೀರೋ?

ಬೆಂಗಳೂರಿನ ಟೆಕ್ನಿಕಲ್ ರೌಂಡ್ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಬೋರ್ಡಿನ ಮುಂದೆ ನಿಲ್ಲಿಸಿ, ಲಿಂಕ್ಡ್ ಲಿಸ್ಟ್ ತಿರುಗಿಸಿ ಬರೀರಿ ಅನ್ನೋದು. ಬರೆಯುವಾಗ ಕೈಕಟ್ಟಿಕೊಂಡು ನೋಡೋದು. ನಡುನಡುವೆ, 'ಯೋಚನೆ ಮಾಡ್ತಿರೋದನ್ನ ಜೋರಾಗಿ ಹೇಳಿ' ಅನ್ನೋದು. ಈಗ ಎಷ್ಟೋ ಕಡೆ ಬೋರ್ಡು ಹೋಗಿ ವಿಡಿಯೋ ಕಾಲ್ ಬಂದಿದೆ. ನೋಡುವ ಕಣ್ಣು ಮಾತ್ರ ಹೋಗಿಲ್ಲ.

ಇದರಿಂದ ನಾವು ಅಳೆಯೋದು ಏನನ್ನ? 2020ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿ ಮತ್ತು ಮೈಕ್ರೋಸಾಫ್ಟ್ ಸಂಶೋಧಕರು 48 ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕೆಲವರು ಸಂದರ್ಶಕರ ಎದುರು ಮಾತಾಡುತ್ತಾ ಬೋರ್ಡಿನ ಮೇಲೆ ಬರೆಯಬೇಕು, ಉಳಿದವರು ಕೋಣೆಯಲ್ಲಿ ಒಬ್ಬರೇ. ಎದುರಿಗೆ ನೋಡುವವರಿದ್ದಾಗ ಸಾಧನೆ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಎದುರಲ್ಲಿ ಬರೆದ ಹೆಣ್ಣುಮಕ್ಕಳಲ್ಲಿ ಒಬ್ಬರೂ ಪಾಸಾಗಲಿಲ್ಲ, ಒಬ್ಬರೇ ಕೂತು ಬರೆದ ಹೆಣ್ಣುಮಕ್ಕಳೆಲ್ಲ ಪಾಸು. ಗುಂಪು ಚಿಕ್ಕದು, ನಿಜ. ಆದರೂ ತಳ್ಳಿಹಾಕುವಂಥ ಫಲಿತಾಂಶ ಅಲ್ಲ.

ನಮ್ಮಲ್ಲಿ ಇನ್ನೊಂದು ಹೊರೆಯೂ ಇದೆ. 'ಜೋರಾಗಿ ಹೇಳಿ' ಅಂದರೆ ಇಂಗ್ಲಿಷಿನಲ್ಲಿ ಹೇಳಿ ಅಂತಲೇ ಅರ್ಥ. ಬುಕ್ಕಾಂಬುಧಿಯಂಥ ಊರಲ್ಲಿ ಕನ್ನಡ ಮೀಡಿಯಂ ಓದಿ, ಶಿವಮೊಗ್ಗದಲ್ಲೋ ಚಿಕ್ಕಮಗಳೂರಲ್ಲೋ ಇಂಜಿನಿಯರಿಂಗ್ ಮುಗಿಸಿ ಬರುವ ಹುಡುಗಿಯನ್ನು ಊಹಿಸಿಕೊಳ್ಳಿ. ತಲೆಯಲ್ಲಿ ಕನ್ನಡದಲ್ಲಿ ಲೂಪ್ ಓಡಿಸಬೇಕು, ಬಾಯಲ್ಲಿ ಇಂಗ್ಲಿಷಿಗೆ ತಿರುಗಿಸಬೇಕು, ಕೈಯಲ್ಲಿ ಜಾವಾ ಬರೆಯಬೇಕು. ತಡವರಿಸಿದರೆ ಫೀಡ್‌ಬ್ಯಾಕ್ ಫಾರ್ಮಿನಲ್ಲಿ 'ಕಮ್ಯುನಿಕೇಶನ್ ವೀಕ್'. ಕೋಡ್ ಹೇಗಿತ್ತು ಅಂತ ಯಾರೂ ಕೇಳಲ್ಲ.

ಸೋಸುವ ಜರಡಿ ಬೇಡ ಅಂತಲ್ಲ. 2007ರಲ್ಲಿ ಇಮ್ರಾನ್ ಘೋರಿ ಹೆಸರಿಟ್ಟು ಪರಿಚಯಿಸಿದ 'ಫಿಜ್‌ಬಜ್' ಅಂಥದ್ದೇ: ಒಂದರಿಂದ ನೂರರವರೆಗೆ ಎಣಿಸು, ಮೂರರಿಂದ ಭಾಗವಾದರೆ ಫಿಜ್, ಐದರಿಂದಾದರೆ ಬಜ್, ಎರಡರಿಂದಲೂ ಆದರೆ ಫಿಜ್‌ಬಜ್. ಕೋಡ್ ಬರೆಯೋಕೆ ಬರುತ್ತಾ ಅಂತ ತಿಳಿಯಲು ಅಷ್ಟು ಸಾಕಿತ್ತು. ಅದು ಬೆಳೆದು ಬೆಳೆದು ಈಗ ತಿಂಗಳುಗಟ್ಟಲೆ ಉರುಹೊಡೆಯುವ ಎಂಟ್ರೆನ್ಸ್ ಪರೀಕ್ಷೆ ಆಗಿಬಿಟ್ಟಿದೆ.

ಮುಂದಿನ ಸಲ ನೀವೇ ಮೇಜಿನ ಆಚೆ ಬದಿ ಕೂತಾಗ ಒಂದು ಕೆಲಸ ಮಾಡಿ. ಪ್ರಶ್ನೆ ಕೊಟ್ಟು ಅರ್ಧ ಗಂಟೆ ಎದ್ದು ಹೋಗಿ. ಕಾಪಿ ಹೊಡೆದರೆ? ಎಐ ಕೇಳಿ ಬರೆದರೆ? ವಾಪಸ್ ಬಂದು, 'ಈ ಸಾಲು ಯಾಕೆ? ಲಿಸ್ಟ್ ಖಾಲಿ ಇದ್ದರೆ ಏನಾಗುತ್ತೆ?' ಅಂತ ಕೇಳಿ. ಅರ್ಥವಾಗದೆ ಬರೆದದ್ದು ಹೆಚ್ಚು ಹೊತ್ತು ನಿಲ್ಲಲ್ಲ. ಇಬ್ಬರಿಗೂ ಕನ್ನಡ ಬಂದರೆ ಕನ್ನಡದಲ್ಲೇ ಕೇಳಿ. ಕಂಪೈಲರ್‌ಗೇನೂ ಬೇಜಾರಿಲ್ಲ.