ತೊಂಬತ್ತು ದಿನಗಳ ಮುದ್ರೆ

ಜಾಲತಾಣಕ್ಕೂ ಅದನ್ನು ಸಂದರ್ಶಿಸುವವನಿಗೂ ನಡುವೆ ನಡೆಯುವ ವ್ಯವಹಾರವನ್ನು ಮೂರನೆಯವನು ಕದ್ದು ಓದದಂತೆ ಗೂಢಲಿಪಿಯಲ್ಲಿ ಅಡಗಿಸಲು ಬೇಕಾದ ಪ್ರಮಾಣಪತ್ರವು ಸಾಮಾನ್ಯವಾಗಿ ಹಣ ತೆತ್ತು ತಂದು, ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಕೈಯಾರೆ ಸರ್ವರಿನಲ್ಲಿ ಕೂರಿಸಬೇಕಾದ ವಸ್ತುವಾಗಿದ್ದ ಕಾಲದಲ್ಲಿ, ಸಣ್ಣ ತಾಣಗಳ ಒಡೆಯರಲ್ಲಿ ಬಹುಮಂದಿ ಅದರ ಗೊಡವೆಗೇ ಹೋಗುತ್ತಿರಲಿಲ್ಲ. ಮೊಜಿಲ್ಲಾ, ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳಿಗೆ ಸೇರಿದ ಕೆಲವರು ಮುಂದೆ ನಿಂತು ರೂಪಿಸಿದ ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆಯು, 2015ರ ಡಿಸೆಂಬರಿನಲ್ಲಿ ಈ ಪತ್ರವನ್ನು ಎಲ್ಲರಿಗೂ ಧರ್ಮಾರ್ಥವಾಗಿ ಕೊಡಲಾರಂಭಿಸಿದಾಗ ಲೋಕವು ಕೊಂಡಾಡಿದ್ದು ಅದರ ಔದಾರ್ಯವನ್ನು. ನನಗಾದರೋ ಅದರ ಪ್ರತಿಭೆ ಕಾಣುವುದು ಅದು ತೋರಿದ ಜಿಪುಣತನದಲ್ಲಿ: ಪತ್ರದ ಆಯುಸ್ಸು ಕೇವಲ 90 ದಿನ.

ಪತ್ರದೊಡನಿರುವ ಗುಪ್ತ ಕೀಲಿ ಕಳವಾದಾಗ ಆಗುವ ಹಾನಿ ಬೇಗ ಮುಗಿಯಲೆಂಬುದು ಇದಕ್ಕೊಂದು ಕಾರಣ. ಮನುಷ್ಯನು ಬೇಸತ್ತು ಪತ್ರ ನವೀಕರಿಸುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಲೆಂಬುದು ಇನ್ನೊಂದು. ಹಾಗೆ ಒಪ್ಪಿಸುವ ಕ್ರಮವೂ ಸರಳವಾದುದೇ. ಈ ಹೆಸರು ನಿನ್ನ ವಶದಲ್ಲಿದೆಯೆಂಬುದಕ್ಕೆ ಸಾಕ್ಷಿಯೇನೆಂದು ಸಂಸ್ಥೆಯ ಯಂತ್ರವು ಕೇಳಿದಾಗ, ಸರ್ವರಿನಲ್ಲಿರುವ ಸರ್ಟ್‌ಬಾಟ್ ಎಂಬ ತಂತ್ರಾಂಶವು ತಾಣದ ಗೊತ್ತಾದ ಫೋಲ್ಡರಿನಲ್ಲಿ ಒಂದು ಸಣ್ಣ ಫೈಲನ್ನಿರಿಸುತ್ತದೆ. ಕೇಳಿದ ಯಂತ್ರವು 80ನೆಯ ಪೋರ್ಟಿನಿಂದ ಬಂದು ಅದನ್ನೋದಿ, ತೃಪ್ತಿಗೊಂಡು ಪತ್ರಕ್ಕೆ ಅಂಕಿತ ಹಾಕುತ್ತದೆ. ಭದ್ರತೆಯ ಉತ್ಸಾಹದಲ್ಲಿ ಫೈರ್‌ವಾಲಿನಲ್ಲಿ 80ನ್ನು ಮುಚ್ಚಿ ಗೂಢಲಿಪಿಯ ಸಂಪರ್ಕಕ್ಕಾದ 443ನ್ನು ಮಾತ್ರ ತೆರೆದಿಟ್ಟವನಿಗೆ, ಈ ವಿಧಾನವನ್ನೇ ನಂಬಿದ್ದ ಪಕ್ಷದಲ್ಲಿ, ಮುಂದಿನ ನವೀಕರಣವು ಸದ್ದಿಲ್ಲದೆ ತಪ್ಪಿಹೋಗುವುದು ಆ ಉತ್ಸಾಹದ ಫಲ.

ಇದಕ್ಕಿಂತಲೂ ವಂಚಕವಾದ ದೋಷವೊಂದುಂಟು. ಪತ್ರವು ಕಾಲಕ್ಕೆ ಸರಿಯಾಗಿ ನವೀಕೃತವಾಗಿ ಡಿಸ್ಕಿನಲ್ಲಿ ಬಂದು ಕುಳಿತಿರುತ್ತದೆ, ಲಾಗಿನಲ್ಲಿ ಯಶಸ್ಸಿನ ವಾರ್ತೆಯೇ ಇರುತ್ತದೆ. ಆದರೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶವು ತಾನು ಆರಂಭದಲ್ಲಿ ಸ್ಮೃತಿಗೆ ತಂದುಕೊಂಡ ಹಳೆಯ ಪತ್ರವನ್ನೇ, ರೀಲೋಡ್ ಮಾಡೆಂದು ಯಾರೂ ಹೇಳದಿದ್ದುದರಿಂದ, ಬಂದವರಿಗೆಲ್ಲ ತೋರಿಸುತ್ತಿರುತ್ತದೆ. ಸರ್ಟ್‌ಬಾಟಿಗೆ ಎಂಜಿನ್‌ಎಕ್ಸ್‌ನ ಆಡಳಿತವನ್ನೇ ವಹಿಸಿಕೊಟ್ಟವರಿಗೆ ಈ ಕಾಟವಿಲ್ಲ; ವೆಬ್‌ರೂಟ್ ಎಂಬ, ಫೈಲನ್ನಿರಿಸುವುದನ್ನಷ್ಟೇ ಅದಕ್ಕೆ ಬಿಡುವ ವಿಧಾನವನ್ನು ಹಿಡಿದವರು ಡಿಪ್ಲಾಯ್ ಹುಕ್ ಎಂಬ ಕೊಂಡಿಯಲ್ಲಿ ರೀಲೋಡಿನ ಆಜ್ಞೆಯನ್ನು ತಾವೇ ಬರೆದಿಡಬೇಕು. ‘ಡ್ರೈ ರನ್’ ಎಂಬ ತಾಲೀಮು ಸಾಮಾನ್ಯವಾಗಿ ಈ ಕೊಂಡಿಯನ್ನು ಮುಟ್ಟುವುದೇ ಇಲ್ಲವಾದ್ದರಿಂದ, ತಾಲೀಮಿನಲ್ಲಿ ಗೆದ್ದವನು ರಂಗದ ಮೇಲೆ ಸೋಲುವುದು ಆಶ್ಚರ್ಯವಲ್ಲ. ಅವಧಿ ಮುಗಿಯುತ್ತಿದೆಯೆಂದು ಬರುತ್ತಿದ್ದ ಇಮೇಲ್ ಎಚ್ಚರಿಕೆಯನ್ನೂ ಸಂಸ್ಥೆಯು 2025ರ ಜೂನಿನಲ್ಲಿ ನಿಲ್ಲಿಸಿತು. ಇದು ನಿಷ್ಠುರವೆನ್ನಿಸಿದರೂ ನನಗೆ ಒಪ್ಪಿತವೇ: ಹೊರಗಿನಿಂದ ಬಂದು ತಾಣವು ನಿಜವಾಗಿ ತೋರಿಸುತ್ತಿರುವ ಪತ್ರದ ತಾರೀಖನ್ನು ನೋಡುವ ಕಾವಲು, ತಾಣ ಯಾರದೋ ಅವರದೇ ಆಗಿರತಕ್ಕದ್ದು.

ಪತ್ರವು ಸಾಧಿಸುವುದು ಹೆಸರಿನ ಮೇಲಣ ಹಿಡಿತವನ್ನಷ್ಟೇ, ಒಡೆಯನ ಸಾಧುತ್ವವನ್ನಲ್ಲ. ಬ್ಯಾಂಕಿನ ವೇಷ ತೊಟ್ಟ ಮೋಸದ ತಾಣಕ್ಕೂ ಅದು ದೊರೆಯುತ್ತದೆ. ಕ್ರೋಮ್ ಬ್ರೌಸರು 2023ರಲ್ಲಿ ವಿಳಾಸದ ಪಕ್ಕದ ಬೀಗದ ಚಿಹ್ನೆಯನ್ನು ತೆಗೆದದ್ದು ಈ ದೃಷ್ಟಿಯಿಂದ ಉಚಿತವೇ. ಹಣ ಕೊಟ್ಟು ಪತ್ರ ಕೊಂಡರೆ ಈ ನವೀಕರಣದ ಜಂಜಾಟದಿಂದ ಪಾರಾದೆವೆಂದು ತಿಳಿದವರಿಗೂ ವಿರಾಮವಿಲ್ಲ: ಪತ್ರ ಕೊಡುವವರೂ ಬ್ರೌಸರಿನವರೂ ಕೂಡಿದ ವೇದಿಕೆಯ 2025ರ ನಿರ್ಣಯದಂತೆ, 2029ರ ಮಾರ್ಚಿನಿಂದ ಸಾರ್ವಜನಿಕ ಜಾಲದ ಯಾವ ಪತ್ರವೂ 47 ದಿನಗಳಿಗಿಂತ ಹೆಚ್ಚು ಬಾಳುವಂತಿಲ್ಲ.